ಪುಟ್ಟ ರೈಲೆಂಜಿನಿನ ನಾಡಿ

ಯಂತ್ರಗಳಿಗೂ ಮುಪ್ಪುಂಟು. ಅದು ಒಂದೇ ದಿನದಲ್ಲಿ ಬರುವಂಥದಲ್ಲ. ಅಚ್ಚಿಗೆ ಹಾಕಿದ ಎಣ್ಣೆ ಒಣಗುತ್ತದೆ, ಸ್ಪ್ರಿಂಗು ಬಲಗುಂದುತ್ತದೆ, ತಂತಿಯ ಹೊದಿಕೆ ಬಿರಿಯುತ್ತದೆ, ಕಾಂತದ ಶಕ್ತಿ ಯಾರಿಗೂ ತಿಳಿಯದಂತೆ ಕುಗ್ಗುತ್ತದೆ. ಇವೆಲ್ಲವೂ ಒಳಗೊಳಗೇ ನಡೆದಿರುವಾಗ ಹೊರಗಿನವರ ಕಣ್ಣಿಗೆ ಬೀಳುವುದು ಕಟ್ಟಕಡೆಯ ಸಂಗತಿ ಮಾತ್ರ: ನಿನ್ನೆಯವರೆಗೆ ಓಡುತ್ತಿದ್ದುದು ಇಂದು ಓಡದು. ಆಗ ರಿಪೇರಿಗೆ ಕುಳಿತವನ ಮುಂದೆ ವೈದ್ಯನ ಮುಂದಿರುವ ಪ್ರಶ್ನೆಗಳೇ ಬಂದು ನಿಲ್ಲುತ್ತವೆ. ಕೇಡು ಎಲ್ಲಿದೆ? ಅದಕ್ಕೆ ಕಾರಣವೇನು? ಕೈಯಿಟ್ಟರೆ ವಾಸಿಯಾದೀತೇ, ಇಲ್ಲವೇ ಇನ್ನಷ್ಟು ಕೆಟ್ಟೀತೇ?

ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು. ಅದಕ್ಕೆ ಒಳ್ಳೆಯ ನಿದರ್ಶನ ಬೇಕಾದರೆ ಹಳೆಯ ಮಾದರಿ ರೈಲೆಂಜಿನುಗಳನ್ನು ನೋಡಬೇಕು. ನಿಜವಾದ ಎಂಜಿನನ್ನೇ ಅಳತೆಗೆ ಸರಿಯಾಗಿ ಕುಗ್ಗಿಸಿದಂತಿರುವ, ಅಂಗೈಯಗಲದ ವಿದ್ಯುದ್ಯಂತ್ರಗಳಿವು. ಅರವತ್ತು ಎಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ತಯಾರಾದ ಇಂಥ ಎಂಜಿನುಗಳನ್ನು ಜೋಪಾನಮಾಡಿ, ಇಂದಿಗೂ ಕಂಬಿಯ ಮೇಲೆ ಓಡಿಸುವ ಹವ್ಯಾಸಿಗಳಿದ್ದಾರೆ. ಅವರೆಲ್ಲರೂ ಬಲ್ಲ ಒಂದು ವಿಚಿತ್ರ ಸಂಗತಿಯಿದೆ. ಕೊಳೆಹಿಡಿದ ಎಂಜಿನನ್ನು ಶ್ರದ್ಧೆಯಿಂದ ಬಿಚ್ಚಿ, ಒಂದೊಂದು ಭಾಗವನ್ನೂ ಶುಚಿಮಾಡಿ, ಇದ್ದಂತೆಯೇ ಮರಳಿ ಜೋಡಿಸಿದರೆ ಅದು ಮೊದಲಿಗಿಂತ ದುರ್ಬಲವಾಗಿಬಿಡಬಹುದು. ಯಾವ ಭಾಗವೂ ಮುರಿದಿಲ್ಲ, ಯಾವುದೂ ಕಳೆದಿಲ್ಲ, ತಿರುಪುಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿವೆ. ಆದರೂ ಎಂಜಿನು ನಾಲ್ಕು ಗಾಡಿಗಳನ್ನು ಎಳೆಯಲಾರದೆ ಬಿಸಿಯೇರಿ ನಿಲ್ಲುತ್ತದೆ. ಹೀಗೇಕೆ? ಇದಕ್ಕೆ ಉತ್ತರ ಹೇಳಬಲ್ಲುದು ಕಾಲೇಜಿನಲ್ಲಿ ನಾವು ಓದುವ ಭೌತವಿಜ್ಞಾನವೇ.

ಅಳತೆಯ ಲೆಕ್ಕ

ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲಿ, ರಂಧ್ರಗಳಿರುವ ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಜೋಡಿಸಿ ಯಂತ್ರಗಳನ್ನು ಕಟ್ಟುವ ಆಟಕ್ಕೆ ಹಕ್ಕುಪತ್ರ ಪಡೆದನು. ಅದೇ ಮುಂದೆ ‘ಮೆಕ್ಯಾನೊ’ ಎಂದು ಹೆಸರಾಯಿತು. ಅವನ ಕಾರ್ಖಾನೆ 1920ರಿಂದ ರೈಲುಗಳನ್ನೂ ಮಾಡತೊಡಗಿತು. ಹಾರ್ನ್‌ಬಿ 1936ರಲ್ಲಿ ತೀರಿಕೊಂಡನು. ಅನಂತರ 1938ರಲ್ಲಿ ಹೊರಬಂದುದು ‘ಹಾರ್ನ್‌ಬಿ ಡಬ್ಲೊ’ ಎಂಬ ಹೊಸ ಸರಣಿ. ಅದರ ಮೊದಲ ಎಂಜಿನುಗಳಲ್ಲೊಂದು ‘ಸರ್ ನೈಜೆಲ್ ಗ್ರೆಸ್ಲಿ’ ಎಂಬ ಎ4 ವರ್ಗದ ಉಗಿಯಂತ್ರದ ಮಾದರಿ. ಅದೇ ವರ್ಷದ ಜುಲೈ 3ರಂದು ಅದೇ ವರ್ಗದ ‘ಮಲ್ಲರ್ಡ್’ ಎಂಬ ಎಂಜಿನು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗ ಮುಟ್ಟಿ ಉಗಿಯಂತ್ರಗಳಲ್ಲೆಲ್ಲ ಅಗ್ರಸ್ಥಾನ ಪಡೆದಿತ್ತು.

ಈ ಮಾದರಿಗಳಲ್ಲಿ ಒಂದು ಅಡಿಗೆ 4 ಮಿಲಿಮೀಟರ್ ಎಂಬ ಪ್ರಮಾಣವಿದೆ. ಅಂದರೆ ಮಾದರಿಯು ನಿಜದ 76ನೆಯ ಒಂದು ಭಾಗ. ಇಂಗ್ಲೆಂಡಿನ ರೈಲುಹಾದಿಯ ಅಗಲ 4 ಅಡಿ 8½ ಅಂಗುಲವಾದುದರಿಂದ ಮಾದರಿಯ ಕಂಬಿಗಳ ನಡುವೆ 18.8 ಮಿಲಿಮೀಟರ್ ಇರಬೇಕು. ಆದರೆ ಇರುವುದು 16.5 ಮಾತ್ರ! ಈ ಅಳತೆ ಅಡಿಗೆ 3.5 ಮಿಲಿಮೀಟರಿನ ಪ್ರಮಾಣಕ್ಕೆ ಸರಿಹೊಂದುತ್ತದೆ. ಎಂಜಿನಿನ ಮೈಗೆ ಒಂದು ಪ್ರಮಾಣ, ಹಾದಿಗೆ ಇನ್ನೊಂದು ಪ್ರಮಾಣ ಏಕೆ? ಇಂಗ್ಲೆಂಡಿನ ಎಂಜಿನುಗಳು ಯೂರೋಪು ಅಮೆರಿಕಗಳ ಎಂಜಿನುಗಳಿಗಿಂತ ಮೈಯಲ್ಲಿ ಚಿಕ್ಕವು. ಅವನ್ನು ಚಿಕ್ಕ ಪ್ರಮಾಣದಲ್ಲಿ ಕುಗ್ಗಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಆದುದರಿಂದ ಹಾದಿಯನ್ನು ಹಾಗೆಯೇ ಇಟ್ಟುಕೊಂಡು ಮೈಯನ್ನು ಮಾತ್ರ ದೊಡ್ಡದು ಮಾಡಿದರು. ಮೋಟಾರಿನ ಗಾತ್ರವೇ ಅಳತೆಯನ್ನು ನಿರ್ಧರಿಸಿತೆಂಬುದು ಗಮನಿಸಬೇಕಾದ ವಿಷಯ.

ವೇಗದ ಲೆಕ್ಕವೂ ಸ್ವಾರಸ್ಯವಾಗಿದೆ. ಎ4 ಎಂಜಿನಿನ ಚಾಲಕಗಾಲಿಯ ವ್ಯಾಸ 6 ಅಡಿ 8 ಅಂಗುಲ; ಮಾದರಿಯಲ್ಲಿ ಅದು ಸುಮಾರು 27 ಮಿಲಿಮೀಟರ್; ಅದರ ಸುತ್ತಳತೆ ಸುಮಾರು 84 ಮಿಲಿಮೀಟರ್. ಗಂಟೆಗೆ 60 ಮೈಲಿ ವೇಗವನ್ನು 76ರಿಂದ ಭಾಗಿಸಿದರೆ ಸೆಕೆಂಡಿಗೆ 35 ಸೆಂಟಿಮೀಟರಿನಷ್ಟಾಗುತ್ತದೆ. ಆಗ ಗಾಲಿಯು ನಿಮಿಷಕ್ಕೆ 250 ಸುತ್ತು ತಿರುಗಬೇಕು. ಸಣ್ಣ ಮೋಟಾರಿಗೆ ಇದು ತೀರ ನಿಧಾನ. ಅದು ಸಾವಿರಾರು ಸುತ್ತು ತಿರುಗಿದರೆ ಮಾತ್ರ ಚೆನ್ನಾಗಿ ಕೆಲಸಮಾಡಬಲ್ಲುದು. ಆದುದರಿಂದ ಮೋಟಾರಿನ ದಂಡಕ್ಕೆ ತಿರುಪಿನಂಥ ಒಂದು ಹಲ್ಲುಕಡ್ಡಿಯನ್ನೂ, ಗಾಲಿಯ ಅಚ್ಚಿಗೆ ಒಂದು ಹಲ್ಲುಚಕ್ರವನ್ನೂ ಕೂಡಿಸುತ್ತಾರೆ. ಚಕ್ರದಲ್ಲಿ 20 ಹಲ್ಲುಗಳಿದ್ದು, ತಿರುಪು ಒಂದು ಸುತ್ತಿಗೆ ಒಂದು ಹಲ್ಲನ್ನು ತಳ್ಳುವುದೆಂದಿಟ್ಟುಕೊಂಡರೆ, ಗಾಲಿಯ 250 ಸುತ್ತಿಗೆ ಮೋಟಾರಿನ 5000 ಸುತ್ತು. ಇಂಥ ಜೋಡಣೆಯಲ್ಲಿ ತಿರುಪು ಚಕ್ರವನ್ನು ತಿರುಗಿಸಬಲ್ಲುದೇ ಹೊರತು ಚಕ್ರವು ತಿರುಪನ್ನು ಸುಲಭವಾಗಿ ತಿರುಗಿಸಲಾರದು. ಹಳೆಯ ಎಂಜಿನು ಕೈಗೆ ಸಿಕ್ಕಿದೊಡನೆ ಅದನ್ನು ಮೇಜಿನ ಮೇಲೆ ತಳ್ಳಿ ನೋಡುವ ಆಸೆ ಯಾರಿಗೂ ಸಹಜ. ಹಾಗೆ ತಳ್ಳಿದರೆ ಹಲ್ಲುಗಳು ಮುರಿಯುವುದೂ ಸಹಜ.

ನಾಡಿ ಪರೀಕ್ಷೆ

ಎಂಜಿನಿನ ಒಳಗಿರುವುದು ನಾವು ತರಗತಿಯಲ್ಲಿ ಕಲಿತ ನೇರಪ್ರವಾಹದ ಮೋಟಾರೇ. ಒಂದು ಶಾಶ್ವತ ಕಾಂತ. ಅದರ ಧ್ರುವಗಳ ನಡುವೆ, ಕಬ್ಬಿಣದ ಮೂರು ತೋಳುಗಳಿಗೆ ತೆಳುವಾದ ತಾಮ್ರದ ತಂತಿ ಸುತ್ತಿದ ಆರ್ಮೆಚೂರು. ತಾಮ್ರದ ಮೂರು ತುಂಡುಗಳುಳ್ಳ ಕಮ್ಯುಟೇಟರು. ಅದನ್ನು ಒತ್ತಿಕೊಂಡಿರುವ ಇಂಗಾಲದ ಎರಡು ಬ್ರಷ್ಷುಗಳು. ಇದು 12 ವೋಲ್ಟುಗಳಲ್ಲಿ ನಡೆಯುತ್ತದೆ. ಮೊದಲಿನ ಡಬ್ಲೊ ಹಾದಿಯಲ್ಲಿ ಮೂರು ಕಂಬಿಗಳಿದ್ದುವು. ವಿದ್ಯುತ್ತು ನಡುಗಂಬಿಯಿಂದ ಎಂಜಿನಿಗೆ ಹತ್ತಿ, ಗಾಲಿಗಳ ಮೂಲಕ ಹೊರಗಿನ ಕಂಬಿಗಳಿಗೆ ಇಳಿಯುತ್ತಿತ್ತು. 1959ರಲ್ಲಿ ಎರಡೇ ಕಂಬಿಯ ಹಾದಿ ಬಂದಿತು. ಆಗ ಎಡಗಾಲಿಗೂ ಬಲಗಾಲಿಗೂ ವಿದ್ಯುತ್ಸಂಪರ್ಕವಿರದಂತೆ ನಡುವೆ ಅವಾಹಕವನ್ನು ಇಡಬೇಕಾಯಿತು.

ಇಂಥ ಎಂಜಿನಿನ ರೋಗವನ್ನು ಕಂಡುಹಿಡಿಯಲು ಮೊದಲು ಬೇಕಾದುದು ತಿರುಪುಳಿಯಲ್ಲ, ಅಮ್ಮೀಟರು. ಏಕೆಂದು ನೋಡೋಣ. ತಿರುಗುವ ಆರ್ಮೆಚೂರು ಒಂದು ಡೈನಮೊ ಸಹ ಆಗಿರುತ್ತದೆ. ಅದರ ಸುರುಳಿಗಳು ಕಾಂತಕ್ಷೇತ್ರವನ್ನು ಕತ್ತರಿಸುವುದರಿಂದ, ಹೊರಗಿನ ವಿದ್ಯುತ್ತಿಗೆ ಎದುರಾಗಿ ಒಂದು ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. 12 ವೋಲ್ಟುಗಳಲ್ಲಿ ಈ ಪ್ರತಿಬಲವನ್ನು ಕಳೆದು ಉಳಿದುದು ಮಾತ್ರ ಸುರುಳಿಯ ರೋಧದಲ್ಲಿ ಪ್ರವಾಹವನ್ನು ನಡೆಸುತ್ತದೆ. ಸುರುಳಿಯ ರೋಧ 20 ಓಮ್ ಎಂದೂ, ಗಾಡಿಗಳನ್ನೆಳೆಯುವಾಗ ಪ್ರತಿಬಲ 7 ವೋಲ್ಟ್ ಎಂದೂ ಇಟ್ಟುಕೊಳ್ಳೋಣ. ಉಳಿದ 5 ವೋಲ್ಟನ್ನು 20ರಿಂದ ಭಾಗಿಸಿದರೆ ಪ್ರವಾಹ 0.25 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ 1.25 ವಾಟ್. ಎಂಜಿನು ಎಲ್ಲಾದರೂ ಸಿಕ್ಕಿಕೊಂಡು ನಿಂತುಬಿಟ್ಟರೆ ಪ್ರತಿಬಲವೇ ಇರದು; ಆಗ ಪ್ರವಾಹ 0.6 ಆಂಪಿಯರಿಗೆ ಏರಿ, ಶಾಖವು 7.2 ವಾಟ್ ಆಗುತ್ತದೆ. ನಿಂತ ಮೋಟಾರಿಗೆ ವಿದ್ಯುತ್ತು ಕೊಡುತ್ತ ಹೋದರೆ ಅದು ಸುಟ್ಟುಹೋಗುವುದೇಕೆಂಬುದು ಇದರಿಂದ ತಿಳಿಯುತ್ತದೆ.

ಈಗ ಕಾಂತವು ತನ್ನ ಶಕ್ತಿಯಲ್ಲಿ ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿದೆ ಎನ್ನೋಣ. ಮೋಟಾರಿನ ತಿರುಚುಬಲ ಕಾಂತಕ್ಷೇತ್ರವನ್ನೂ ಪ್ರವಾಹವನ್ನೂ ಅವಲಂಬಿಸಿದೆ. ಕ್ಷೇತ್ರ ಕುಗ್ಗಿದರೆ, ಅಷ್ಟೇ ಗಾಡಿಗಳನ್ನು ಎಳೆಯಲು ಪ್ರವಾಹ ಒಂದೂವರೆಪಟ್ಟು ಹೆಚ್ಚಬೇಕು. 0.25 ಆಂಪಿಯರ್ ಇದ್ದುದು 0.375 ಆಗುತ್ತದೆ. ಶಾಖವಾದರೋ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ 1.25 ವಾಟ್ ಇದ್ದುದು 2.8 ವಾಟ್ ಆಗುತ್ತದೆ. ಅದೇ ಕೆಲಸ, ಎರಡುಪಟ್ಟಿಗೂ ಹೆಚ್ಚು ಬೇಗೆ! ಎಂಜಿನಿಗೆ ಜ್ವರ ಬಂದಂತಾಯಿತು.

ಇಲ್ಲಿ ಒಂದು ಮೋಸವೂ ಉಂಟು. ಗಾಲಿಗಳು ಕಂಬಿಗೆ ತಾಕದಂತೆ ಎಂಜಿನನ್ನು ಎತ್ತಿಹಿಡಿದು ಓಡಿಸಿದರೆ, ಕಾಂತ ದುರ್ಬಲವಾದ ಮೋಟಾರು ಮೊದಲಿಗಿಂತ ಹೆಚ್ಚು ವೇಗವಾಗಿ ತಿರುಗುತ್ತದೆ. ಹೊರೆಯಿಲ್ಲದಾಗ ಪ್ರತಿಬಲವು 12 ವೋಲ್ಟಿನ ಸಮೀಪಕ್ಕೆ ಬರುವವರೆಗೂ ಆರ್ಮೆಚೂರಿನ ವೇಗ ಏರುತ್ತದೆ. ಕ್ಷೇತ್ರ ಕಡಿಮೆಯಾದಷ್ಟೂ ಅಷ್ಟು ಪ್ರತಿಬಲ ಪಡೆಯಲು ಹೆಚ್ಚು ವೇಗ ಬೇಕಾಗುತ್ತದೆ. ನೋಡುವವರು ‘ಭಲೆ, ಎಷ್ಟು ಚುರುಕು!’ ಎಂದುಕೊಳ್ಳುತ್ತಾರೆ. ಅಮ್ಮೀಟರು ಮಾತ್ರ ಮೋಸಹೋಗುವುದಿಲ್ಲ. ನಾಲ್ಕು ಗಾಡಿ ಕಟ್ಟಿ ಓಡಿಸಿ ಪ್ರವಾಹವನ್ನು ಗುರುತುಮಾಡಿಕೊಂಡರೆ ಅದರ ನಿಜವಾದ ಬಲ ಬಯಲಾಗುತ್ತದೆ.

ಕಾಂತವೇಕೆ ಬಳಲುತ್ತದೆ?

ಪ್ರಯೋಗಶಾಲೆಯಲ್ಲಿ ದಂಡಕಾಂತಗಳನ್ನಿಡುವ ಪೆಟ್ಟಿಗೆಯನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದಾರೆ. ಎರಡು ಕಾಂತಗಳನ್ನು ಉತ್ತರ ದಕ್ಷಿಣ ಧ್ರುವಗಳು ಎದುರುಬದುರಾಗುವಂತೆ ಮಲಗಿಸಿ, ಎರಡು ತುದಿಗಳಲ್ಲೂ ಮೆದುಕಬ್ಬಿಣದ ತುಂಡುಗಳನ್ನು ಅಡ್ಡಲಾಗಿ ಇಟ್ಟಿರುತ್ತಾರೆ. ಪ್ರಯೋಗ ಮುಗಿದಮೇಲೆ ಆ ತುಂಡುಗಳನ್ನು ಇಡಲು ಮರೆತರೆ ಸಹಾಯಕರು ಗದರಿಸುವುದುಂಟು. ಆ ಗದರಿಕೆಯ ಹಿಂದಿರುವ ತತ್ತ್ವವೇ ನಮ್ಮ ಪ್ರಶ್ನೆಗೂ ಉತ್ತರ.

ಕಾಂತದ ಧ್ರುವಗಳು ಹೊರಗೆ ಮಾತ್ರ ಕ್ಷೇತ್ರವನ್ನು ಹರಡುವುದಿಲ್ಲ. ಕಾಂತದ ಒಡಲಿನೊಳಗೂ ಒಂದು ಕ್ಷೇತ್ರವನ್ನುಂಟುಮಾಡುತ್ತವೆ. ಅದರ ದಿಕ್ಕು ಕಾಂತತ್ವದ ದಿಕ್ಕಿಗೆ ವಿರುದ್ಧ. ಅಂದರೆ ಪ್ರತಿಯೊಂದು ಕಾಂತವೂ ತನ್ನನ್ನು ತಾನೇ ಅಳಿಸಿಕೊಳ್ಳಲು ಯತ್ನಿಸುತ್ತಿರುತ್ತದೆ. ಧ್ರುವಗಳ ನಡುವೆ ಕಬ್ಬಿಣವಿದ್ದರೆ ಕಾಂತರೇಖೆಗಳು ಅದರ ಮೂಲಕ ಸುಗಮವಾಗಿ ಸಾಗುವುದರಿಂದ ಈ ವಿರೋಧ ಅಲ್ಪವಾಗಿರುತ್ತದೆ. ಮೋಟಾರಿನಲ್ಲಿ ಈ ಕಬ್ಬಿಣದ ಪಾತ್ರವನ್ನು ವಹಿಸುವುದು ಆರ್ಮೆಚೂರೇ. ಅದನ್ನು ಹೊರಕ್ಕೆಳೆದೊಡನೆ ಧ್ರುವಗಳ ನಡುವೆ ದೊಡ್ಡ ಬಯಲು ತೆರೆದುಕೊಳ್ಳುತ್ತದೆ. ವಿರೋಧಕ್ಷೇತ್ರ ತಟ್ಟನೆ ಬಲಗೊಳ್ಳುತ್ತದೆ. ಕಾಂತದೊಳಗಿನ ಅಣುಕಾಂತಗಳ ಕೆಲವು ಗುಂಪುಗಳು ದಿಕ್ಕು ಬದಲಿಸಿಬಿಡುತ್ತವೆ. ಮತ್ತೆ ಆರ್ಮೆಚೂರನ್ನು ಒಳಗಿಟ್ಟರೂ ಅವೆಲ್ಲವೂ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಶ್ರದ್ಧೆಯಿಂದ ಬಿಚ್ಚಿ ಶುಚಿಮಾಡಿದ ಎಂಜಿನು ಸೊರಗುವುದು ಹೀಗೆ. ಕಾರ್ಖಾನೆಯಲ್ಲಿ ಇಂಥ ಮೋಟಾರುಗಳ ಭಾಗಗಳನ್ನೆಲ್ಲ ಜೋಡಿಸಿದ ಮೇಲೆ ಕಾಂತಕ್ಕೆ ಶಕ್ತಿ ತುಂಬುವುದು ವಾಡಿಕೆ. ಆದುದರಿಂದ ಅಲ್ಲಿ ಈ ತೊಡಕು ಏಳುವುದಿಲ್ಲ.

ಎಲ್ಲ ಕಾಂತಗಳೂ ಈ ವಿಷಯದಲ್ಲಿ ಸಮಾನವಲ್ಲ. ಹಳೆಯ ಉಕ್ಕಿನ ಕಾಂತಗಳು ತೀರ ಸುಲಭವಾಗಿ ಬಳಲುತ್ತಿದ್ದುವು. ಅವುಗಳ ಧ್ರುವಗಳನ್ನು ದೂರದೂರ ಇಡಬೇಕಾದುದರಿಂದಲೇ ಉದ್ದನೆಯ ದಂಡದ ಆಕಾರವೂ ಲಾಳದ ಆಕಾರವೂ ಬಳಕೆಗೆ ಬಂದುವು. ಜಪಾನಿನ ಟೊಕುಶಿಚಿ ಮಿಶಿಮ 1931ರಲ್ಲಿ ಕಬ್ಬಿಣ, ನಿಕ್ಕಲ್, ಅಲ್ಯುಮಿನಿಯಂಗಳ ಮಿಶ್ರಲೋಹವು ಉಕ್ಕಿಗಿಂತ ಬಹಳ ದೃಢವಾದ ಕಾಂತವಾಗುವುದನ್ನು ಕಂಡನು. ಇದಕ್ಕೆ ಕೋಬಾಲ್ಟನ್ನೂ ಸೇರಿಸಿದುದರಿಂದ ‘ಆಲ್ನಿಕೊ’ ಎಂಬ ವರ್ಗ ಬೆಳೆಯಿತು. ಸಣ್ಣ ಇಟ್ಟಿಗೆಯಂಥ ಆಲ್ನಿಕೊ ತುಂಡುಗಳು ಲಾಳಕಾಂತದ ಸ್ಥಾನವನ್ನು ಪಡೆದುವು. ಆದರೂ ಅವು ಪೂರ್ತಿ ನಿರ್ಭಯವಲ್ಲ. ನಿಯೋಡಿಮಿಯಂ, ಕಬ್ಬಿಣ, ಬೋರಾನುಗಳ ಕಾಂತ 1980ರ ದಶಕದಲ್ಲಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅದರ ಕಾಂತತ್ವವನ್ನು ಅಳಿಸಬೇಕಾದರೆ ಆಲ್ನಿಕೊವಿಗೆ ಬೇಕಾದುದಕ್ಕಿಂತ ಹತ್ತುಪಟ್ಟಿಗೂ ಹೆಚ್ಚಿನ ವಿರೋಧಕ್ಷೇತ್ರ ಬೇಕು. ಆದುದರಿಂದಲೇ ಅದನ್ನು ಬಿಲ್ಲೆಯಷ್ಟು ತೆಳ್ಳಗೆ ಮಾಡಿದರೂ ನಡೆಯುತ್ತದೆ.

ರಿಪೇರಿಗಾರನ ಮುಂದೆ ಈಗ ಮೂರು ಹಾದಿಗಳಿವೆ. ಮೊದಲನೆಯದು, ಕಾಂತವನ್ನು ಕದಲಿಸದಿರುವುದು. ಕದಲಿಸಲೇಬೇಕಾದರೆ, ಅದು ಜಾರಿ ಹೊರಬರುತ್ತಿರುವಾಗಲೇ ಮೆದುಕಬ್ಬಿಣದ ತುಂಡೊಂದು ಅದರ ಧ್ರುವಗಳನ್ನು ಕೂಡಿಸುವಂತೆ ನೋಡಿಕೊಳ್ಳುವುದು. ಎರಡನೆಯದು, ಕ್ಷಣಕಾಲ ಅತಿ ದೊಡ್ಡ ಪ್ರವಾಹ ಹರಿಸುವ ಸುರುಳಿಯ ನಡುವೆ ಇಟ್ಟು ಶಕ್ತಿಯನ್ನು ಮತ್ತೆ ತುಂಬಿಸುವುದು. ಇದಕ್ಕೆ ಬಳಸುವ ಉಪಕರಣದಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಶೇಖರವಾಗಿರಬಹುದಾದುದರಿಂದ ಅನುಭವಿಗಳಲ್ಲದವರು ಅದಕ್ಕೆ ಕೈಹಾಕಕೂಡದು. ಮೂರನೆಯದು, ಹಳೆಯ ಕಾಂತದ ಸ್ಥಾನದಲ್ಲಿ ನಿಯೋಡಿಮಿಯಂ ತುಂಡನ್ನು ಕೂರಿಸುವುದು. ಇದರಿಂದ ಪ್ರವಾಹ ತಗ್ಗುತ್ತದೆ, ಎಂಜಿನು ತಂಪಾಗಿ ಓಡುತ್ತದೆ. ಆದರೆ ಕ್ಷೇತ್ರ ಅತಿಯಾದರೆ ಮೂರು ತೋಳಿನ ಆರ್ಮೆಚೂರು ಒಂದೊಂದು ಧ್ರುವದ ಎದುರಿಗೂ ಅಂಟಿ ನಿಂತು, ನಿಧಾನಗತಿಯಲ್ಲಿ ಎಂಜಿನು ಮುಗ್ಗರಿಸುವುದುಂಟು. ಔಷಧವೆಂದು ಅಳತೆ ಮೀರಬಾರದು.

ಜರ್ಮನಿಯ ಮೆರ್ಕ್ಲಿನ್ ಎಂಬ ಸಂಸ್ಥೆಯ ಹಳೆಯ ಎಂಜಿನುಗಳಲ್ಲಿ ಶಾಶ್ವತ ಕಾಂತದ ಬದಲು ತಂತಿ ಸುತ್ತಿದ ವಿದ್ಯುತ್ಕಾಂತವಿದ್ದು, ಅವು ದಿಕ್ಕು ಬದಲಿಸುವ ಪ್ರವಾಹದಲ್ಲಿಯೇ ಓಡುತ್ತವೆ. ಅವಕ್ಕೆ ಈ ರೋಗ ತಗಲುವುದಿಲ್ಲ.

ಕೊಳೆ, ಎಣ್ಣೆ, ತಂತಿ

ಹಳೆಯ ಎಂಜಿನು ಓಡದಿದ್ದರೆ ಅನೇಕ ವೇಳೆ ಕಾರಣ ಇಷ್ಟು ಆಳವಾಗಿರುವುದಿಲ್ಲ. ಗಾಲಿಯ ಅಂಚಿಗೆ ಹತ್ತಿದ ಕಪ್ಪುಕೊಳೆ ವಿದ್ಯುತ್ತನ್ನು ತಡೆದಿರಬಹುದು. ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿದರೆ ಅದು ಹೋಗುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಬಾರದು. ಅದರಿಂದ ಬೀಳುವ ಗೀರುಗಳು ಮುಂದೆ ಕೊಳೆಗೆ ಮನೆಯಾಗುತ್ತವೆ. ಹಳೆಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಿನಂತಾಗಿ ಅಚ್ಚನ್ನು ಹಿಡಿದಿರುತ್ತದೆ. ಅದನ್ನು ಕರಗಿಸಿ ತೆಗೆದು, ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಹೊಸ ಎಣ್ಣೆಯನ್ನು ಹಚ್ಚಿದರೆ ಸಾಕು. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿದು, ಬ್ರಷ್ಷಿನ ಇಂಗಾಲದ ಪುಡಿಯೊಡನೆ ಕಲೆತು ಮಸಿಯಾಗುತ್ತದೆ. ತಾಮ್ರದ ತುಂಡುಗಳ ನಡುವಣ ಸಂದುಗಳಲ್ಲಿ ಈ ಮಸಿ ಸೇರಿದರೆ, ಸುರುಳಿಯೊಳಗೆ ಹೋಗಬೇಕಾದ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಆ ಸಂದುಗಳನ್ನು ಮರದ ಕಡ್ಡಿಯಿಂದ ಕೆರೆಯಬೇಕು. ಲೋಹದ ಪಿನ್ನು ಹಾಕಿದರೆ ತಾಮ್ರ ಗೀರಿಹೋಗುತ್ತದೆ.

ಸುರುಳಿಗಳನ್ನು ಪರೀಕ್ಷಿಸಲು ಆರ್ಮೆಚೂರನ್ನು ಹೊರತೆಗೆಯಬೇಕಾಗಿಯೇ ಇಲ್ಲ. ಬ್ರಷ್ಷುಗಳನ್ನು ತೆಗೆದಿಟ್ಟು ಕಮ್ಯುಟೇಟರನ್ನು ಅಳೆದರೆ ಸಾಕು. ಮೂರು ಸುರುಳಿಗಳನ್ನು ಸಾಮಾನ್ಯವಾಗಿ ತ್ರಿಕೋನದಂತೆ ಜೋಡಿಸಿ, ಅದರ ಮೂಲೆಗಳನ್ನು ಕಮ್ಯುಟೇಟರಿನ ಮೂರು ತುಂಡುಗಳಿಗೆ ಬೆಸೆದಿರುತ್ತಾರೆ. ಒಂದೊಂದು ಸುರುಳಿಯ ರೋಧ 30 ಓಮ್ ಎನ್ನೋಣ. ಯಾವ ಎರಡು ತುಂಡುಗಳ ನಡುವೆ ಅಳೆದರೂ, 30 ಓಮಿನ ಒಂದು ಹಾದಿ, 60 ಓಮಿನ ಇನ್ನೊಂದು ಹಾದಿ ಸಮಾಂತರವಾಗಿರುವುದರಿಂದ 20 ಓಮ್ ಬರುತ್ತದೆ. ಒಂದು ಸುರುಳಿ ತುಂಡಾಗಿದ್ದರೆ ಅಳತೆಗಳು 30, 30, 60 ಎಂದು ಬರುತ್ತವೆ. 60 ಬಂದ ಜೋಡಿಯ ನಡುವಣ ಸುರುಳಿಯೇ ರೋಗಿ. ಕೂದಲಿನಂಥ ತಂತಿ ಎಲ್ಲಿ ಕಡಿದಿದೆಯೆಂದು ಕಣ್ಣಿಗೆ ಕಾಣದಿದ್ದರೂ ಲೆಕ್ಕಕ್ಕೆ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಎಂಜಿನಿನೊಡನೆ ಬಂದ ಹಳೆಯ ಟ್ರಾನ್ಸ್‌ಫಾರ್ಮರನ್ನು ಗೋಡೆಯ ವಿದ್ಯುತ್ತಿಗೆ ಎಂದಿಗೂ ಜೋಡಿಸಬಾರದು. ಅದರ ತಂತಿಗಳ ರಬ್ಬರು ಹೊದಿಕೆ ದಶಕಗಳಲ್ಲಿ ಒಣಗಿ ಉದುರಿರುತ್ತದೆ. ಮುಟ್ಟಿದವರಿಗೆ 230 ವೋಲ್ಟುಗಳ ಆಘಾತವಾಗಬಹುದು. ಬ್ಯಾಟರಿಯಿಂದಲೋ ಸುರಕ್ಷಿತವಾದ ಹೊಸ ಉಪಕರಣದಿಂದಲೋ 12 ವೋಲ್ಟನ್ನು ಪಡೆಯುವುದೇ ಸರಿ.

ಮದ್ದಿಲ್ಲದ ರೋಗ

ಕೆಲವು ಎಂಜಿನುಗಳಿಗೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ. ಇವುಗಳ ಮೈಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕಹೊಯ್ಯುತ್ತಿದ್ದರು. ಸತುವಿಗೆ ಸ್ವಲ್ಪ ಅಲ್ಯುಮಿನಿಯಂ ಸೇರಿಸಿದರೆ ಎರಕ ನಯವಾಗಿ ಬರುತ್ತದೆ. ಆದರೆ ಸೀಸ, ತವರ, ಕ್ಯಾಡ್ಮಿಯಂ ಇವುಗಳ ಲೇಶ ಸೇರಿದ್ದರೆ, ಲೋಹದ ಹರಳುಗಳ ನಡುವಣ ಎಲ್ಲೆಗಳುದ್ದಕ್ಕೂ ತೇವದ ಗಾಳಿಯಲ್ಲಿ ಸವಕಳಿ ಹರಿಯುತ್ತದೆ. ಲೋಹ ಉಬ್ಬುತ್ತದೆ, ಬಾಗುತ್ತದೆ, ಬಿರಿಯುತ್ತದೆ. ಕೊನೆಗೆ ಬೆರಳಿನಿಂದ ಒತ್ತಿದರೆ ರೊಟ್ಟಿಯ ಚೂರಿನಂತೆ ಉದುರುತ್ತದೆ. ಲಕ್ಷದಲ್ಲಿ ಕೆಲವೇ ಭಾಗಗಳನ್ನು ಮೀರಿದ ಸೀಸವೂ ಈ ಕೇಡಿಗೆ ಸಾಕು. ಕಾರಣವು 1920ರ ದಶಕದಲ್ಲಿಯೇ ತಿಳಿದುಬಂದಿತ್ತು. ಅತಿ ಶುದ್ಧವಾದ ಸತುವನ್ನು ಬಳಸಿದರೆ ರೋಗ ಬಾರದೆಂಬುದೂ ತಿಳಿದಿತ್ತು. ಆದರೂ 1930ರ ದಶಕದ ಅನೇಕ ಎರಕದ ಆಟಿಕೆಗಳಲ್ಲಿ ಈ ರೋಗ ಕಾಣುತ್ತದೆ. ಎರಕಹೊಯ್ದ ದಿನವೇ ಒಳಗೆ ಸೇರಿದ ಕಲ್ಮಷವಾದುದರಿಂದ ಅದನ್ನು ಹೊರತೆಗೆಯುವ ಉಪಾಯವಿಲ್ಲ. ಒಣ ಜಾಗದಲ್ಲಿಟ್ಟು ಅದರ ಗತಿಯನ್ನು ನಿಧಾನಗೊಳಿಸುವುದಷ್ಟೇ ನಮ್ಮಿಂದ ಸಾಧ್ಯ.

ಡಬ್ಲೊವನ್ನು ತಯಾರಿಸಿದ ಮೆಕ್ಯಾನೊ ಸಂಸ್ಥೆ 1964ರಲ್ಲಿ ಪ್ರತಿಸ್ಪರ್ಧಿಯ ಕೈಸೇರಿತು. ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿದ್ದ ಕಾರ್ಖಾನೆ 1979ರಲ್ಲಿ ಮುಚ್ಚಿತು. ಆ ಎಂಜಿನುಗಳನ್ನು ಕಟ್ಟಿದ ಕಾರ್ಖಾನೆಗೆ ಇಂದು ದುರಸ್ತಿಗೆ ಕಳಿಸಲು ದಾರಿಯಿಲ್ಲ. ಉಳಿದಿರುವಷ್ಟನ್ನು ಉಳಿಸಿಕೊಳ್ಳುವ ಹೊಣೆ ಕೈಯಲ್ಲಿ ಹಿಡಿದವನದೇ. ಆದುದರಿಂದ ಒಳ್ಳೆಯ ರಿಪೇರಿಗಾರರು ಒಂದು ನಿಯಮವನ್ನು ಪಾಲಿಸುತ್ತಾರೆ: ಮಾಡಿದ ಕೆಲಸವನ್ನು ಮುಂದೊಮ್ಮೆ ಹಿಂದಕ್ಕೆ ತಿರುಗಿಸಲು ಬರಬೇಕು. ಹೊಸ ಕಾಂತ ಹಾಕಿದರೆ ಹಳೆಯದನ್ನು ಕಬ್ಬಿಣದ ತುಂಡಿನೊಡನೆ ಡಬ್ಬಿಯಲ್ಲಿಟ್ಟು, ಏನು ಮಾಡಿದೆವೆಂದು ಚೀಟಿ ಬರೆದಿಡುತ್ತಾರೆ.

ಮಾದರಿ ಎಂಜಿನು ಎಲ್ಲರಿಗೂ ಸಿಗುವ ವಸ್ತುವಲ್ಲ. ಆದರೆ ಕೆಟ್ಟುಹೋದ ಆಟಿಕೆ ಕಾರಿನಲ್ಲಿರುವ ಪುಟ್ಟ ಮೋಟಾರು ಇದರ ಖಾಸಾ ತಮ್ಮನೇ. ಅದನ್ನು ಒಂದು ಬ್ಯಾಟರಿಗೂ ಅಮ್ಮೀಟರಿಗೂ ಸರಣಿಯಲ್ಲಿ ಜೋಡಿಸಿ, ಮೊದಲು ಸುಮ್ಮನೆ ತಿರುಗಲು ಬಿಟ್ಟು ಪ್ರವಾಹವನ್ನು ಓದಿಕೊಳ್ಳಿ. ಅನಂತರ ಅದರ ದಂಡವನ್ನು ಬೆರಳುಗಳ ನಡುವೆ ಮೆಲ್ಲನೆ ಒತ್ತಿಹಿಡಿಯಿರಿ. ವೇಗ ತಗ್ಗಿದಂತೆಲ್ಲ ಮುಳ್ಳು ಮೇಲೇರುವುದು ಕಾಣುತ್ತದೆ. ಎರಡು ಮೂರು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ. ಆ ಬಡ ಮೋಟಾರಿನ ತಂತಿಗೂ ಬೇಗೆ ತಾಕುತ್ತದೆ.